ಕೆಂಗಲ್ ಹನುಮಂತಯ್ಯನವರು ಬಿಟ್ಟುಕೊಟ್ಟ ಕುರ್ಚಿ

(ಬಾನುಲಿ ಭಾಷಣ)



ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಪ್ರಯಾಣ ಮಾಡಿದವರಿಗೆ, ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಸೇರುವ ಮೊದಲು, ದಾರಿಯ ಪಕ್ಕದಲ್ಲಿಯೇ ಒಂದು ಆಂಜನೇಯನ ಗುಡಿ ಕಾಣಿಸಿರುತ್ತದೆ. ಅದು ಕೆಂಗಲ್ ಹನುಮಂತರಾಯನ ಗುಡಿ. ಕೆಂಪು ಎಂಬುದರ ಸಮಾಸರೂಪವಾದ 'ಕೆಂ' ಎಂಬುದರ ಮುಂದೆ ಕಲ್ಲು ಬಂದು, ಕಕಾರಕ್ಕೆ ಗಕಾರ ಆದೇಶವಾಗಿ, ಕೆಂಗಲ್ಲು ಎಂದಾಗಿದೆ. ಕೆಂಪಾದ ಕಲ್ಲು ಎಂದು ಅರ್ಥ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಸಂಧಿಸಮಾಸಗಳನ್ನು ಬಿಡಿಸಿ ಹೇಳಿದವನಿಗೆ ಬಾಯಿ ತೆರೆದೊಡನೆ ವ್ಯಾಕರಣ ಬಂದುಬಿಡುತ್ತದೆ, ಮನ್ನಿಸಬೇಕು. ಆದರೆ ಈ ಶಬ್ದಕ್ಕೂ ನಾನಿಂದು ನೆನೆಯಹೊರಟಿರುವ ವ್ಯಕ್ತಿಗೂ ಹೆಸರಿನ ನಂಟು ಇದೆ. ಆ ಗುಡಿಯ ದೇವರ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತು, ಕಲ್ಲಿನಲ್ಲಿಯೇ ತಮ್ಮ ನೆನಪನ್ನು ನಿಲ್ಲಿಸಿಹೋದವರು ಕೆಂಗಲ್ ಹನುಮಂತಯ್ಯನವರು.

ಅವರು ಕಟ್ಟಿಸಿದ ವಿಧಾನಸೌಧವನ್ನು ನೋಡದ ಕನ್ನಡಿಗರು ವಿರಳ. ಚಿತ್ರದಲ್ಲಾದರೂ ನೋಡಿಯೇ ಇರುತ್ತಾರೆ. ಅವರು ಬಿಟ್ಟುಕೊಟ್ಟದ್ದು ಏನು ಎಂಬುದನ್ನು ನೆನೆಯುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನನ್ನ ಮಾತು ಮುಖ್ಯವಾಗಿ ಆ ಎರಡನೆಯದನ್ನು ಕುರಿತದ್ದು.

ನಾನು ಅವರನ್ನು ಕಂಡವನಲ್ಲ. ಅವರು ಮುಖ್ಯಮಂತ್ರಿಯಾಗಿದ್ದಾಗ ನಾನಿನ್ನೂ ಹುಟ್ಟಿರಲಿಲ್ಲ. ನನಗೆ ಅವರ ಪರಿಚಯವಾದದ್ದು ಒಂದು ಪುಸ್ತಕದ ಮೂಲಕ. ಹಳೆಯ ಮೈಸೂರಿನ ಒಂದು ಸಣ್ಣ ಊರಿನಲ್ಲಿ ನನ್ನ ತಂದೆ ಸರ್ಕಾರಿ ಗುಮಾಸ್ತರಾಗಿದ್ದರು. ನಮ್ಮ ಮನೆಯಲ್ಲಿ ಇದ್ದ ಪುಸ್ತಕಗಳು ಬೆರಳೆಣಿಕೆಯಷ್ಟು. ಪಂಚಾಂಗ, ಕೆಲವು ಶಾಲಾಪುಸ್ತಕ, ಅವುಗಳ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ದಪ್ಪ ಗ್ರಂಥ. ಅದು ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿ. ಮೈಸೂರು ಸರ್ಕಾರವೇ ಪ್ರಕಟಿಸಿದ್ದು, ಕುವೆಂಪು ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸಂಪಾದಿಸಿದ್ದು, 1958ರಲ್ಲಿ ಹೊರಬಂದದ್ದು. "ಎರಡು ರೂಪಾಯಿಗೆ ಭಾರತ ಕೊಟ್ಟರು ಕಣಯ್ಯ, ಎರಡು ರೂಪಾಯಿಗೆ!" ಎಂದು ನನ್ನ ತಂದೆ ಆ ಪುಸ್ತಕವನ್ನು ಕೈಗೆತ್ತಿಕೊಂಡಾಗಲೆಲ್ಲ ಹೇಳುತ್ತಿದ್ದರು. ಪುಸ್ತಕ ಅಚ್ಚಾಗಿ ಬರುವ ವೇಳೆಗೆ ಹನುಮಂತಯ್ಯನವರು ಅಧಿಕಾರದಲ್ಲಿ ಇರಲಿಲ್ಲ. ಆದರೂ ಬಡವನ ಮನೆಗೂ ಭಾರತ ತಲುಪಬೇಕೆಂಬ ಹಂಬಲ ಅವರದು ಎಂಬುದನ್ನು ಆ ಕಾಲದ ಜನ ಅರಿತಿದ್ದರು. ಅವರು ಗಮಕಪ್ರಿಯರು; ಭಾರತವಾಚನವೆಂದರೆ ರಾಜಕೀಯವನ್ನು ಮರೆತು ಕುಳಿತುಕೊಳ್ಳುವವರು. ಸಂಜೆಯ ಹೊತ್ತು ನನ್ನ ತಂದೆ ದೀಪದ ಮುಂದೆ ಕುಳಿತು ಷಟ್ಪದಿಯನ್ನು ರಾಗವಾಗಿ ಓದಲು ತೊಡಗಿದರೆ ಅಕ್ಕಪಕ್ಕದ ನಾಲ್ಕು ಮನೆಯವರು ಜಗುಲಿಯ ಮೇಲೆ ಬಂದು ಕೂರುತ್ತಿದ್ದರು. ನಾನು ಕನ್ನಡ ಎಂ.ಎ. ಓದಲು ಕಾರಣವೇನೆಂದು ಯಾರಾದರೂ ಕೇಳಿದರೆ ಆ ಜಗುಲಿಯನ್ನೇ ತೋರಿಸಬೇಕು.

ಹನುಮಂತಯ್ಯನವರು ಹುಟ್ಟಿದ್ದು 1908ರಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲುಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಕಾನೂನು ಪದವಿ ಪಡೆದು, ವಕೀಲಿ ವೃತ್ತಿಗೆ ಇಳಿದರು. ಸ್ವಾತಂತ್ರ್ಯ ಹೋರಾಟ ಅವರನ್ನು ಕಚೇರಿಯಿಂದ ಹೊರಕ್ಕೆಳೆಯಿತು. ಅವರು ಸೆರೆಮನೆಯನ್ನು ಕಂಡರು, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಮಾತನಾಡಿದರು. 1947ರ ಆಗಸ್ಟ್ ಕಳೆದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಾರದೆ ಇದ್ದಾಗ ನಡೆದ 'ಮೈಸೂರು ಚಲೋ' ಚಳವಳಿಯ ಮುಂಚೂಣಿಯ ನಾಯಕರಲ್ಲಿ ಅವರೂ ಒಬ್ಬರು. ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಮೊದಲ ಜನಪ್ರತಿನಿಧಿ ಸರ್ಕಾರ ರಚನೆಯಾಯಿತು.

ಅನಂತರ ಹನುಮಂತಯ್ಯನವರು ಮೈಸೂರಿನ ಪ್ರತಿನಿಧಿಯಾಗಿ ದೆಹಲಿಯ ಸಂವಿಧಾನ ಸಭೆಗೆ ಹೋದರು. 1949ರ ನವೆಂಬರಿನಲ್ಲಿ, ಸಂವಿಧಾನದ ಕರಡು ಕೊನೆಯ ವಾಚನಕ್ಕೆ ಬಂದಾಗ, ಅವರು ಆಡಿದ ಒಂದು ಮಾತನ್ನು ಇಂದಿಗೂ ಸಂವಿಧಾನದ ಚರಿತ್ರೆಕಾರರು ಎತ್ತಿ ಹೇಳುತ್ತಾರೆ. ನಾವು ಬಯಸಿದ್ದು ವೀಣೆಯ ಅಥವಾ ಸಿತಾರಿನ ನಾದವನ್ನು, ನಮಗೆ ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬುದು ಆ ಮಾತಿನ ತಾತ್ಪರ್ಯ. ಸಂವಿಧಾನವನ್ನು ಅವರು ತಿರಸ್ಕರಿಸಲಿಲ್ಲ. ಅದರ ದನಿ ನಮ್ಮದಾಗಬೇಕಿತ್ತು ಎಂದು ಹಂಬಲಿಸಿದರು. ಈ ಆಕ್ಷೇಪಣೆ ನ್ಯಾಯವಾದುದೇ ಎಂಬುದರ ಬಗ್ಗೆ ವಾದಿಸಬಹುದು. ಬ್ಯಾಂಡಿನ ಸಂಗೀತವೆಂದು ಅವರು ಕರೆದ ಆ ಸಂವಿಧಾನವೇ ಮುಂದೆ ಅವರಿಗೆ ಅಧಿಕಾರವನ್ನು ಕೊಟ್ಟಿತು, ಬಹುಮತದ ನಿಯಮದಂತೆ ಅದನ್ನು ಹಿಂದಕ್ಕೂ ಪಡೆಯಿತು. ಆದರೆ ಅಷ್ಟು ದೊಡ್ಡ ಸಭೆಯಲ್ಲಿ ವೀಣೆಯ ಉಪಮೆಯನ್ನು ತಂದವನು ಒಬ್ಬ ಗಮಕಪ್ರಿಯ ಕನ್ನಡಿಗ ಎಂಬುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ.

1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಆಗಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74 ಬಂದವು. ರಾಮನಗರದಿಂದ ಆರಿಸಿಬಂದ ಹನುಮಂತಯ್ಯನವರನ್ನು ಶಾಸಕಾಂಗ ಪಕ್ಷ ನಾಯಕನನ್ನಾಗಿ ಆರಿಸಿತು. ಮಾರ್ಚ್ 30ರಂದು ಅವರು ಮುಖ್ಯಮಂತ್ರಿಯಾದರು. ಅವರಿಗೆ ಆಗ 44 ವರ್ಷ. ಎದುರಿನ ಸಾಲಿನಲ್ಲಿ ಸಂಖ್ಯೆ ಚಿಕ್ಕದಾದರೂ ದನಿ ದೊಡ್ಡದಾದ ವಿರೋಧಪಕ್ಷವಿತ್ತು. ಕಾಗೋಡು ಸತ್ಯಾಗ್ರಹದ ಕಾವು ಆರುವ ಮೊದಲೇ ಗೆದ್ದು ಬಂದಿದ್ದ ತರುಣ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಕುಳಿತಿದ್ದುದು ಆ ಸಾಲಿನಲ್ಲಿಯೇ. ಉಳುವವನ ಪರವಾದ ಕೂಗು ಅಂದಿನ ಸಭೆಯಲ್ಲಿ ಕೇಳಿಬರುತ್ತಲೇ ಇತ್ತು. ಹನುಮಂತಯ್ಯನವರ ಕಾಲದಲ್ಲಿ, 1954 ಮತ್ತು 1955ರಲ್ಲಿ, ಇನಾಂ ರದ್ದತಿಯ ಶಾಸನಗಳು ಬಂದವು. ಅವು ಉಳುವವನ ಎಲ್ಲ ಕಷ್ಟವನ್ನೂ ನೀಗಲಿಲ್ಲ. ಆದರೂ ತಲೆತಲಾಂತರದಿಂದ ಇನಾಂದಾರನ ಕೈನೋಡಿ ಬದುಕಿದ ರೈತನ ಪಾಲಿಗೆ ಅದು ಮೊದಲ ಹೆಜ್ಜೆ.

ಇನ್ನು ವಿಧಾನಸೌಧದ ವಿಷಯ. ಅದಕ್ಕೆ ನೆಹರೂ ಅವರು ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13ರಂದು, ರೆಡ್ಡಿಯವರ ಕಾಲದಲ್ಲಿ. ಆಗ ಯೋಚಿಸಿದ್ದು ಸಾಧಾರಣವಾದ ಒಂದು ಕಟ್ಟಡವನ್ನು. ಹನುಮಂತಯ್ಯನವರು ಬಂದು ಆ ನಕ್ಷೆಯನ್ನು ಬದಿಗಿರಿಸಿದರು. ಬೆಂಗಳೂರಿನ ದೊಡ್ಡ ಕಟ್ಟಡಗಳೆಲ್ಲ ಆಂಗ್ಲರ ಮಾದರಿಯವು. ನಮ್ಮ ನಾಡಿನ ಶಿಲ್ಪ ಎಲ್ಲಿದೆ ಎಂಬ ಪ್ರಶ್ನೆ ಅವರನ್ನು ಕಾಡಿತ್ತು. ಎಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ ದ್ರಾವಿಡ ಶೈಲಿಯ ಭವ್ಯ ಸೌಧ ಮೇಲೆದ್ದಿತು. 700 ಅಡಿ ಉದ್ದ, 350 ಅಡಿ ಅಗಲ. ಬೆಂಗಳೂರಿನ ಸುತ್ತಲಿನ ಬಿಳಿಗಲ್ಲು, ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಕಲ್ಲು. ಸಾವಿರಾರು ಕೂಲಿಗಾರರು, ಶಿಲ್ಪಿಗಳು ದುಡಿದರು. ದುಡಿದವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ನಾನು ವಿಧಾನಸೌಧದ ಮೆಟ್ಟಿಲುಗಳನ್ನು ನೋಡಿದಾಗಲೆಲ್ಲ ಹೆಸರಿಲ್ಲದ ಆ ಕೈದಿಗಳನ್ನು ನೆನೆದುಕೊಳ್ಳುತ್ತೇನೆ. ಕಾನೂನು ಮುರಿದವರು ಕಾನೂನು ಮಾಡುವವರಿಗೆ ಮನೆ ಕಟ್ಟಿಕೊಟ್ಟರು.

ಇದಕ್ಕೆ ತಗುಲಿದ ವೆಚ್ಚ ಸುಮಾರು 1 ಕೋಟಿ 80 ಲಕ್ಷ ರೂಪಾಯಿ. ಇಂದು ಈ ಮೊತ್ತ ಕೇಳಿ ನಗುವವರು ಇರಬಹುದು. ಅಂದು ಅದು ನಗುವ ಮೊತ್ತವಾಗಿರಲಿಲ್ಲ. ಊಟಕ್ಕಿಲ್ಲದ ನಾಡಿನಲ್ಲಿ ಅರಮನೆ ಏಕೆ ಎಂಬ ಪ್ರಶ್ನೆ ಸಭೆಯ ಒಳಗೂ ಹೊರಗೂ ಎದ್ದಿತು. ಅವರು ಅಧಿಕಾರ ಬಿಟ್ಟ ಮೇಲೆ ವೆಚ್ಚದ ಬಗ್ಗೆ ವಿಚಾರಣೆಯೂ ನಡೆಯಿತು. ಪ್ರಶ್ನೆ ಕೇಳಿದವರನ್ನು ಅಸೂಯಾಪರರೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಬಡವರ ತೆರಿಗೆಯಲ್ಲಿ ಕಟ್ಟಿದ ಪ್ರತಿಯೊಂದು ಕಂಬವೂ ಉತ್ತರ ಹೇಳಲೇಬೇಕು. ಹನುಮಂತಯ್ಯನವರ ಉತ್ತರವೇನೆಂಬುದು ಕಟ್ಟಡದ ಹಣೆಯ ಮೇಲೆಯೇ ಇದೆ. 'ಸರ್ಕಾರದ ಕೆಲಸ ದೇವರ ಕೆಲಸ.' ರಾಜನ ಕಾಲದಲ್ಲಿ ದೇವಾಲಯಗಳು ಎದ್ದವು, ಅರಮನೆಗಳು ಎದ್ದವು. ಪ್ರಜೆಗಳ ಕಾಲದಲ್ಲಿ ಪ್ರಜೆಗಳ ಮನೆ ಅವೆರಡಕ್ಕೂ ಕಡಿಮೆಯಾಗಬಾರದು ಎಂಬುದು ಆ ಬರಹದ ಭಾವವೆಂದು ನಾನು ತಿಳಿದಿದ್ದೇನೆ. ಆ ಮಾತಿನ ಕೆಳಗೆ ಹಾದುಹೋಗುವ ಎಷ್ಟು ಮಂದಿ ಅದನ್ನು ತಲೆಯೆತ್ತಿ ಓದುತ್ತಾರೋ ಎಂಬ ಪ್ರಶ್ನೆಗೆ ಕಟ್ಟಿದವರು ಹೊಣೆಯಲ್ಲ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಕರ್ನಾಟಕದ ಏಕೀಕರಣ.

ಏಕೀಕರಣ ಹನುಮಂತಯ್ಯನವರೊಬ್ಬರ ಸಾಧನೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಆಲೂರು ವೆಂಕಟರಾಯರಿಗೆ ದ್ರೋಹ ಬಗೆದಂತೆ. 1953ರಲ್ಲಿ ಉಪವಾಸ ಕುಳಿತ ಅದರಗುಂಚಿ ಶಂಕರಗೌಡ ಪಾಟೀಲರಿಗೆ, ಹುಬ್ಬಳ್ಳಿಯ ಬೀದಿಗಳಲ್ಲಿ ಪೆಟ್ಟು ತಿಂದವರಿಗೆ ದ್ರೋಹ ಬಗೆದಂತೆ. ಮುಂಬಯಿ ಕರ್ನಾಟಕದಲ್ಲಿ, ಹೈದರಾಬಾದು ಕರ್ನಾಟಕದಲ್ಲಿ, ಏಕೀಕರಣವೆಂಬುದು ಜನರ ಹಸಿವಾಗಿತ್ತು. ಹಳೆಯ ಮೈಸೂರಿನಲ್ಲಿ ಮಾತ್ರ ಹಾಗಿರಲಿಲ್ಲ. ಇದನ್ನು ಹಳೆಯ ಮೈಸೂರಿನವನಾದ ನಾನೇ ಒಪ್ಪಿಕೊಳ್ಳಬೇಕು. ನಮಗೆ ಕನ್ನಂಬಾಡಿ ಇತ್ತು, ಶಿವನಸಮುದ್ರದ ವಿದ್ಯುತ್ತು ಇತ್ತು, ವಿಶ್ವವಿದ್ಯಾನಿಲಯ ಇತ್ತು, ಭದ್ರಾವತಿಯ ಕಬ್ಬಿಣ ಇತ್ತು. ಹಿಂದುಳಿದ ಸೀಮೆಗಳನ್ನು ಸೇರಿಸಿಕೊಂಡರೆ ನಮ್ಮ ಅನ್ನದಲ್ಲಿ ಪಾಲು ಹೋಗುತ್ತದೆ ಎಂದು ಹಲವರು ಬಹಿರಂಗವಾಗಿಯೇ ವಾದಿಸಿದರು. ಬಹಿರಂಗವಾಗಿ ಆಡದ ಇನ್ನೊಂದು ಲೆಕ್ಕವೂ ಇತ್ತು. ಹಳೆಯ ಮೈಸೂರಿನ ರಾಜಕೀಯದಲ್ಲಿ ಒಕ್ಕಲಿಗರ ಬಲ ದೊಡ್ಡದು. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಬಲ ಹೆಚ್ಚುತ್ತದೆ. ಹನುಮಂತಯ್ಯನವರು ಒಕ್ಕಲಿಗರು. ಈ ಲೆಕ್ಕ ಅವರಿಗೆ ತಿಳಿಯದ್ದೇನಲ್ಲ. ವಕೀಲರು, ಕೂಡಿಸಿ ಕಳೆಯಬಲ್ಲವರು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಅದು ನಾಂದಿ. ಆ ವರ್ಷದ ಕೊನೆಯಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು, ಎಚ್. ಎನ್. ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅದರ ಇತರ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ವರದಿ ಸಿದ್ಧವಾಯಿತು. ಕನ್ನಡ ಪ್ರದೇಶಗಳನ್ನು ಒಂದುಗೂಡಿಸಿ ಒಂದು ರಾಜ್ಯ ಮಾಡಬೇಕೆಂದು ಅದು ಶಿಫಾರಸು ಮಾಡಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಮಾತ್ರ ಆಂಧ್ರಕ್ಕೆ ಕೊಡಬೇಕೆಂದಿತು. ಕನ್ನಡಿಗರು ಒಪ್ಪಲಿಲ್ಲ, ಅದು ನಡೆಯಲೂ ಇಲ್ಲ.

ವರದಿ ಮೈಸೂರು ವಿಧಾನಮಂಡಲದ ಚರ್ಚೆಗೆ ಬಂದಾಗ ಆಳುವ ಪಕ್ಷವೇ ಇಬ್ಭಾಗವಾದಂತಿತ್ತು. ಮೈಸೂರು ಬೇರೆಯಾಗಿಯೇ ಇರಲಿ, ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂಬ ವಾದ ಬಲವಾಗಿತ್ತು. ಸುಮ್ಮನಿದ್ದುಬಿಡಲು ಮುಖ್ಯಮಂತ್ರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. 'ನನ್ನ ಸದಸ್ಯರು ಒಪ್ಪುವುದಿಲ್ಲ' ಎಂದು ದೆಹಲಿಗೆ ಒಂದು ಮಾತು ಬರೆದಿದ್ದರೆ ಸಾಕಿತ್ತು. ಅವರು ಹಾಗೆ ಮಾಡಲಿಲ್ಲ. ಒಂದಾಗುವ ಪಕ್ಷವನ್ನು ವಹಿಸಿದರು, ತಮ್ಮ ಸೀಮೆಯವರ ಎದುರಿಗೇ ವಾದಿಸಿದರು. ತನ್ನನ್ನು ಆರಿಸಿದವರಿಗೆ ಬೇಡವಾದದ್ದನ್ನು ಅವರ ಮುಖಕ್ಕೇ ಹೇಳುವುದು ಶಾಸಕಾಂಗದ ನಾಯಕನಿಗೆ ಬರುವ ಅತ್ಯಂತ ಕಠಿಣವಾದ ಪರೀಕ್ಷೆ. ವಿರೋಧಪಕ್ಷವನ್ನು ಎದುರಿಸುವುದು ಅದಕ್ಕಿಂತ ಸುಲಭ.

ಕನ್ನಡದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಒಂದು ಸಂಗತಿ ಬಹಳ ಅರ್ಥವತ್ತಾಗಿ ಕಾಣುತ್ತದೆ. ಕುಮಾರವ್ಯಾಸ ಗದುಗಿನವನು. ಅವನು ಒಲಿದು ಹಾಡಿದ್ದು ಗದುಗಿನ ವೀರನಾರಾಯಣನನ್ನು. ಹನುಮಂತಯ್ಯನವರು ಬಾಲ್ಯದಲ್ಲಿ ಭಾರತ ಕೇಳುತ್ತಿದ್ದಾಗ ಆ ಗದುಗು ಮುಂಬಯಿ ಪ್ರಾಂತದಲ್ಲಿತ್ತು. ರಾಮನಗರದ ರೈತನಿಗೆ ಗದುಗು ಪರರಾಜ್ಯ. ಆದರೆ ರಾತ್ರಿ ದೀಪದ ಮುಂದೆ ಭಾರತವಾಚನ ನಡೆದಾಗ ಆ ಗಡಿ ಇರುತ್ತಿರಲಿಲ್ಲ. ಹಳೆಯ ಮೈಸೂರಿನ ಯಾವ ಒಕ್ಕಲಿಗನೂ ಕುಮಾರವ್ಯಾಸನನ್ನು ಪರನಾಡಿನ ಕವಿ ಎಂದು ಬಗೆದವನಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡದ ನಾಡು ಎಂದು ಕವಿರಾಜಮಾರ್ಗಕಾರ ಒಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದ. ಅದು ಪಂಡಿತರಿಗೆ ತಿಳಿದಿತ್ತು. ಜನಸಾಮಾನ್ಯರಿಗೆ ಆ ಅರಿವನ್ನು ಕೊಟ್ಟದ್ದು ಗಮಕಿಯ ಕಂಠ. 1956ರಲ್ಲಿ ಆಯೋಗಗಳೂ ಶಾಸನಗಳೂ ಮಾಡಿದ ಕೆಲಸವನ್ನು ಹಳ್ಳಿಯ ಜಗುಲಿಗಳು ಮೊದಲೇ ಮುಗಿಸಿದ್ದವು. ಹನುಮಂತಯ್ಯನವರು ತಮ್ಮ ಸೀಮೆಯ ಲೆಕ್ಕಾಚಾರವನ್ನು ಮೀರಲು ಸಾಧ್ಯವಾದದ್ದು ಆ ಜಗುಲಿಯ ಸಂಸ್ಕಾರದಿಂದ ಎಂದು ನಾನು ಊಹಿಸುತ್ತೇನೆ. ಇದು ಊಹೆಯೇ, ದಾಖಲೆಯಲ್ಲ. ಆದರೆ ಬಿಡಲಾರದ ಊಹೆ.

ಅವರು ತೆತ್ತ ಬೆಲೆಯೇನು? 1956ರ ಆಗಸ್ಟಿನಲ್ಲಿ ಅವರ ಶಾಸಕಾಂಗ ಪಕ್ಷದಲ್ಲಿಯೇ ಅವರ ಮೇಲಿನ ವಿಶ್ವಾಸ ಕುಸಿಯಿತು. ಆಗಸ್ಟ್ 19ರಂದು ಅವರು ಅಧಿಕಾರದಿಂದ ಇಳಿದರು. ಏಕೀಕರಣವೊಂದೇ ಇದಕ್ಕೆ ಕಾರಣವೆಂದರೆ ಸತ್ಯವನ್ನು ಸರಳಗೊಳಿಸಿದಂತೆ. ಅವರದು ಖಂಡಿತವಾದ ಸ್ವಭಾವ; ಸಹೋದ್ಯೋಗಿಗಳನ್ನು ಒಲಿಸಿಕೊಂಡು ಹೋಗುವ ತಾಳ್ಮೆ ಕಡಿಮೆ. ತಮಗೆ ಸರಿಕಂಡದ್ದನ್ನು ಮಾಡಿಬಿಡುವವರಿಗೆ ಶತ್ರುಗಳನ್ನು ಬೇರೆ ಯಾರೂ ಒದಗಿಸಬೇಕಾಗಿಲ್ಲ. ಸೌಧದ ವೆಚ್ಚದ ಮಾತು, ಗುಂಪುಗಳ ಅಸಮಾಧಾನ, ಏಕೀಕರಣದ ಮೇಲಣ ಕೋಪ, ಎಲ್ಲವೂ ಸೇರಿಕೊಂಡವು. ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾಗಿ ಅಕ್ಟೋಬರಿನ ಕೊನೆಯವರೆಗೆ ರಾಜ್ಯಭಾರ ನಡೆಸಿದರು. ನವೆಂಬರ್ 1ರಂದು 19 ಜಿಲ್ಲೆಗಳ ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ಅದರ ರಾಜ್ಯಪಾಲರಾದರು. ಏಕೀಕರಣದ ಹಿರಿಯ ಹೋರಾಟಗಾರರಾದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ವಿಧಾನಸೌಧ ಪೂರ್ಣಗೊಂಡಿದ್ದೂ ಅದೇ ವರ್ಷ. ಕಟ್ಟಿಸಿದವರು ಅದರಲ್ಲಿ ಮುಖ್ಯಮಂತ್ರಿಯಾಗಿ ಕುಳಿತು ಆಳಲಿಲ್ಲ. ನಾಡನ್ನು ಒಂದುಗೂಡಿಸಲು ತಮ್ಮ ಸೀಮೆಯನ್ನು ಒಪ್ಪಿಸಿದವರು, ಒಂದುಗೂಡಿದ ನಾಡಿನ ಆಡಳಿತಸೂತ್ರವನ್ನು ಹಿಡಿಯಲಿಲ್ಲ.

ನನ್ನ ತಂದೆಯ ವಿಷಯವನ್ನು ಇಲ್ಲಿ ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಐದು ಆಡಳಿತಗಳಿಂದ ಬಂದ ನೌಕರರನ್ನು ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ ಕೂಡಿಸುವ ಕೆಲಸ 1956ರ ನಂತರ ವರ್ಷಗಟ್ಟಲೆ ನಡೆಯಿತು. ಬೇರೆ ಬೇರೆ ವೇತನ, ಬೇರೆ ಬೇರೆ ಹುದ್ದೆಯ ಹೆಸರು, ಬೇರೆ ಬೇರೆ ನಿಯಮ. ಸಾವಿರಾರು ಮಂದಿ ಆ ಪಟ್ಟಿಗಳಲ್ಲಿ ಮೇಲೇರಿದರು, ಸಾವಿರಾರು ಮಂದಿ ಕೆಳಗಿಳಿದರು. ನನ್ನ ತಂದೆ ಕೆಳಗಿಳಿದವರು. ಬರಬೇಕಾಗಿದ್ದ ಬಡ್ತಿ ಹನ್ನೆರಡು ವರ್ಷ ಬರಲಿಲ್ಲ. ಅವರು ಯಾರನ್ನೂ ಹೆಸರಿಸಿ ಬೈದವರಲ್ಲ. ಆದರೆ ನವೆಂಬರ್ 1ರಂದು ಶಾಲೆಯಲ್ಲಿ ಕೊಟ್ಟ ಸಿಹಿಯನ್ನು ನಾನು ಮನೆಗೆ ತಂದರೆ ಅವರು ಮುಟ್ಟುತ್ತಿರಲಿಲ್ಲ. ಹನುಮಂತಯ್ಯನವರ ಮಾತು ಬಂದಾಗ ಮಾತ್ರ ಅವರ ದನಿ ಮೃದುವಾಗುತ್ತಿತ್ತು. "ಪಾಪ, ಅವರೂ ನನ್ನ ಹಾಗೆಯೇ. ಅವರ ಬಡ್ತಿಯೂ ಅದೇ ವರ್ಷ ಹೋಯಿತು" ಎನ್ನುತ್ತಿದ್ದರು. ಆಮೇಲೆ ಭಾರತದ ಬಟ್ಟೆ ಬಿಚ್ಚುತ್ತಿದ್ದರು.

ಎಂ.ಎ. ಮುಗಿಸಿದ ನನಗೆ ಕೆಲಸ ಸಿಕ್ಕಿದ್ದು ರಾಯಚೂರಿನಲ್ಲಿ. ಸುದ್ದಿ ಕೇಳಿ ನನ್ನ ತಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ರಾಯಚೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ವೃದ್ಧರು. ನಿಜಾಮನ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಕನ್ನಡ ಅಕ್ಷರವನ್ನು ಅವರಿಗೆ ಕಲಿಸಿದ್ದು ಶಾಲೆಯಲ್ಲ, ಮನೆಯ ಹಿರಿಯರು. ಒಂದು ದಿನ ಅವರು ನನಗೆ ಹೇಳಿದರು: "ನೋಡ್ರಿ ಸರ, ನಿಮಗ ಕನ್ನಡ ಅಂದ್ರ ಅಪ್ಪ ಬಿಟ್ಟುಹೋದ ಹೊಲ ಇದ್ದಂಗ. ನಮಗ ಅದು ಒತ್ತಿ ಬಿದ್ದ ಹೊಲ ಇದ್ದಂಗ ಇತ್ತು. ನಮ್ಮದs ಹೊಲ, ಆದರ ನಾವು ಕಾಲಿಡಂಗಿರಲಿಲ್ಲ."

ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾನು ಏಕೀಕರಣದ ಮೇಲೆ ಪ್ರಬಂಧ ಬರೆದು ಅಂಕ ಪಡೆದಿದ್ದೆ. ಏಕೀಕರಣ ಎಂದರೇನೆಂದು ತಿಳಿದದ್ದು ಆ ಒಂದು ಮಾತಿನಿಂದ. ನಾವು ಹಳೆಯ ಮೈಸೂರಿನವರು ಕೊಟ್ಟದ್ದನ್ನು ಮಾತ್ರ ಎಣಿಸಿಕೊಂಡಿದ್ದೆವು. ಪಡೆದವರು ಏನನ್ನು ಪಡೆದರೆಂದು ಕೇಳಿರಲಿಲ್ಲ.

ಒಮ್ಮೆ ನನ್ನ ತಂದೆ ರಾಯಚೂರಿಗೆ ಬಂದರು. ಬಟ್ಟೆಯ ಗಂಟಿನಲ್ಲಿ ಭಾರತವೂ ಬಂದಿತ್ತು. ಸಂಜೆ ಎಂದಿನಂತೆ ಓದಲು ಕುಳಿತರು. ಯಜಮಾನರು ಬಂದು ಎದುರಿಗೆ ಕುಳಿತರು. ಉದ್ಯೋಗಪರ್ವದ ಭಾಗ, ಕೃಷ್ಣ ಸಂಧಿಗೆ ಹೋಗುವ ಸಂದರ್ಭ. ಓದು ಮುಗಿಯುವ ವೇಳೆಗೆ ಕತ್ತಲಾಗಿತ್ತು. ಯಜಮಾನರು ಎದ್ದು ಪುಸ್ತಕವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಗದಗ ಇಲ್ಲಿಂದ ಭಾಳ ದೂರ ಇಲ್ರಿ. ಮೈಸೂರಿಗೆ ಹೋಗಿ ತಿರುಗಿ ಬಂತು ನೋಡ್ರಿ ಭಾರತ" ಎಂದರು. ನನ್ನ ತಂದೆ ನಕ್ಕರು. ಅವರು ಏಕೀಕರಣದ ವಿಷಯ ಬಂದಾಗ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ತಮ್ಮ ದೂರನ್ನು ಅವರು ಹಿಂತೆಗೆದುಕೊಳ್ಳಲಿಲ್ಲ; ಹಿಂತೆಗೆದುಕೊಳ್ಳಬೇಕೆಂದು ಹೇಳುವ ಹಕ್ಕು ನನಗೂ ಇರಲಿಲ್ಲ. ಊರಿಗೆ ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಅಷ್ಟೇ ಹೇಳಿದರು: "ನನ್ನ ಬಡ್ತಿ ಈ ಊರಿಗೆ ಬಂದು ಸೇರಿತು ಎಂದುಕೊಳ್ಳುತ್ತೇನೆ, ಬಿಡು." ಪುಸ್ತಕವನ್ನು ಅವರು ಯಜಮಾನರಿಗೆ ಕೊಟ್ಟುಹೋಗಿದ್ದರೆಂಬುದು ಆಮೇಲೆ ನನಗೆ ತಿಳಿಯಿತು.

ಹನುಮಂತಯ್ಯನವರು ಅಧಿಕಾರ ಹೋದ ಮೇಲೆ ಏನು ಮಾಡಿದರು ಎಂಬುದನ್ನೂ ಹೇಳಬೇಕು. ಕುರ್ಚಿ ಹೋದ ನಾಯಕನ ನಿಜವಾದ ಎತ್ತರ ಆಗಲೇ ಕಾಣುವುದು. ಅವರು 1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆರಿಸಿಹೋದರು. ಮತ್ತೆರಡು ಬಾರಿ ಅಲ್ಲಿಂದಲೇ ಗೆದ್ದರು. 1966ರಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗ ರಚನೆಯಾಗಿತ್ತು. ದೇಸಾಯಿಯವರು 1967ರಲ್ಲಿ ಉಪಪ್ರಧಾನಿಯಾದಾಗ ಅಧ್ಯಕ್ಷತೆ ಹನುಮಂತಯ್ಯನವರ ಪಾಲಿಗೆ ಬಂದಿತು. ಆ ಆಯೋಗ ಒಟ್ಟು 20 ವರದಿಗಳನ್ನು ಕೊಟ್ಟಿತು. ಸಿಬ್ಬಂದಿಯ ಆಡಳಿತ, ಕೇಂದ್ರ ಮತ್ತು ರಾಜ್ಯಗಳ ಸಂಬಂಧ ಮೊದಲಾದ ಕಠಿಣ ವಿಷಯಗಳ ವರದಿಗಳು ಇವರ ಅಧ್ಯಕ್ಷತೆಯಲ್ಲಿ ಬಂದವು. ಲೋಕಪಾಲ, ಲೋಕಾಯುಕ್ತ ಎಂಬ ಕಲ್ಪನೆ ಈ ಆಯೋಗದ ಮೊದಲ ವರದಿಯದು; ಅದು ದೇಸಾಯಿಯವರ ಕಾಲದ್ದು. ಕರ್ನಾಟಕದಲ್ಲಿ ಲೋಕಾಯುಕ್ತದ ಶಾಸನವಾದದ್ದು 1984ರಲ್ಲಿ. ಸರ್ಕಾರದ ಕೆಲಸ ದೇವರ ಕೆಲಸವೆಂದು ಕಲ್ಲಿನಲ್ಲಿ ಬರೆಸಿದವರಿಗೆ, ಆ ಕೆಲಸ ದೈನಂದಿನದಲ್ಲಿ ಹೇಗೆ ಕೆಡುತ್ತದೆ, ಹೇಗೆ ಸರಿಪಡಿಸಬೇಕು ಎಂದು ಕಡತಗಳ ನಡುವೆ ಕುಳಿತು ಹುಡುಕುವ ಅವಕಾಶ ದೊರೆಯಿತು. ಮೊದಲನೆಯದು ಘೋಷಣೆ, ಎರಡನೆಯದು ಬೆವರು. ಎರಡನ್ನೂ ಮಾಡಿದವರು ವಿರಳ.

1970ರಲ್ಲಿ ಅವರು ಕೇಂದ್ರದಲ್ಲಿ ಕಾನೂನು ಮಂತ್ರಿಯಾದರು, 1971ರಲ್ಲಿ ರೈಲ್ವೆ ಮಂತ್ರಿಯಾದರು. ಮರುವರ್ಷ ಆ ಸ್ಥಾನದಿಂದ ಹೊರಬಂದರು. 1977ರ ಚುನಾವಣೆಯಲ್ಲಿ ಸೋತರು. 1980ರ ಡಿಸೆಂಬರ್ 1ರಂದು ತೀರಿಕೊಂಡರು. ಇದರ ನಡುವೆ, 1973ರ ನವೆಂಬರ್ 1ರಂದು, ದೇವರಾಜ ಅರಸು ಅವರ ಕಾಲದಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಅದನ್ನು ಕಣ್ಣಾರೆ ಕಂಡರು.

ಶಾಸಕಾಂಗದ ನಾಯಕತ್ವವೆಂದರೆ ಸಂಖ್ಯೆಯನ್ನು ಕಾಯುವ ಕಲೆ ಎಂದು ನಾವು ಈಗ ತಿಳಿದುಬಿಟ್ಟಿದ್ದೇವೆ. ಎಷ್ಟು ಮಂದಿ ಈ ಕಡೆ, ಎಷ್ಟು ಮಂದಿ ಆ ಕಡೆ ಎಂಬ ಎಣಿಕೆಯೇ ಸುದ್ದಿ. ಎಣಿಕೆ ಬೇಡವೆಂದು ನಾನು ಹೇಳುವುದಿಲ್ಲ, ಅದಿಲ್ಲದೆ ಪ್ರಜಾಪ್ರಭುತ್ವವಿಲ್ಲ. ಆದರೆ ಎಣಿಕೆಯಲ್ಲಿ ಸೋಲುತ್ತೇನೆಂದು ತಿಳಿದೂ ಸರಿಯಾದ ಕಡೆಗೆ ನಿಲ್ಲುವ ಒಂದು ಗಳಿಗೆ ಪ್ರತಿಯೊಬ್ಬ ನಾಯಕನ ಬಾಳಿನಲ್ಲಿಯೂ ಬರುತ್ತದೆ. ಬಹುಮಂದಿ ಅದನ್ನು ಗುರುತಿಸದೆ ದಾಟಿಬಿಡುತ್ತಾರೆ. ಹನುಮಂತಯ್ಯನವರು ಗುರುತಿಸಿದರು, ನಿಂತರು, ಸೋತರು. ಆ ಸೋಲಿನ ಫಲವನ್ನು ಏಳು ದಶಕಗಳಿಂದ ಉಣ್ಣುತ್ತಿರುವವರು ನಾವು.

ರಾಯಚೂರಿನ ಆ ಮನೆಯ ಯಜಮಾನರೂ ನನ್ನ ತಂದೆಯೂ ಈಗಿಲ್ಲ. ಭಾರತದ ಆ ಪ್ರತಿ ಅವರ ಮೊಮ್ಮಗಳ ಮನೆಯಲ್ಲಿ ಇದೆಯೆಂದು ಕೇಳಿದ್ದೇನೆ. ಅವಳು ಶಾಲೆಯಲ್ಲಿ ಕನ್ನಡ ಕಲಿಸುತ್ತಾಳಂತೆ.

(ಆಕಾಶವಾಣಿಯ ಕೃಪೆಯಿಂದ)